ಗಂಟಲಿಲ್ಲ, ನಾಲಿಗಿಲ್ಲ

ಹೈಡಲ್‌ಬರ್ಗ್, ಜರ್ಮನಿ
14 ಅಕ್ಟೋಬರ್ 2001

ಗಂಗಕ್ಕನಿಗೆ ನಿನ್ನ ತಂಗಿ ನೀಲವ್ವ ಮಾಡುವ ನಮಸ್ಕಾರ.

ಅಕ್ಷರ ಸೊಟ್ಟ ಇವೆ, ತಪ್ಪುಗಳೂ ಬಹಳ ಇರುತ್ತವೆ, ಬೇಸರ ಮಾಡಿಕೊಳ್ಳಬೇಡ. ನಾಲ್ಕನೇ ಇಯತ್ತೆಯಲ್ಲಿ ಶಾಲೆ ಬಿಟ್ಟಾಗ ಇಟ್ಟ ಪೆನ್ನನ್ನು ಈಗ ಎತ್ತಿಕೊಂಡಿದ್ದೇನೆ. ಒತ್ತಕ್ಷರ ಬಂದಲ್ಲೆಲ್ಲ ಕೈ ನಿಂತುಬಿಡುತ್ತದೆ. ತಿಳಿಯದಿದ್ದರೂ ಇದನ್ನು ನಿಜಲಿಂಗಪ್ಪ ಕಾಕಾನ ಕಡೆ ಓದಿಸಬೇಡ. ತುಂತುಣಿ ಬಾರಿಸುವಾಗಲೇ ಅವನು ನನ್ನನ್ನು ಆಡಿಕೊಳ್ಳುತ್ತಾನೆ, ಈ ಅಕ್ಷರ ನೋಡಿದರೆ ಮೇಳದವರಿಗೆಲ್ಲ ಸಾರುತ್ತಾನೆ.

ನಾನು ಸುಖವಾಗಿ ಮುಟ್ಟಿದೆ. ಹುಬ್ಬಳ್ಳಿಯ ಬಸವೇಶ್ವರಿ ವೈನಿ, ಉದಯಣ್ಣ ಇಬ್ಬರೂ ಬೆಳಿಗ್ಗೆ ಕಾರಿನಲ್ಲಿ ವಾಲ್‌ಡಾರ್ಫ್‌ಗೆ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುತ್ತಾರೆ. ಸರಕಾರ ಉದಯಣ್ಣನಿಗೆ ಐದು ವರ್ಷದ ಗ್ರೀನ್ ಕಾರ್ಡ್ ಕೊಟ್ಟಿದೆ. ನಾನು ನೋಡಿದೆ, ಅದು ಹಸಿರಿಲ್ಲ. ಸಂಜೆಯ ತನಕ ಮನೆಯಲ್ಲಿ ನಾನು ಮತ್ತು ಅವರ ಮಗಳು ಪವಿ. ಅವಳಿಗೆ ಮೂರು ವರ್ಷ, ಅವಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಜರ್ಮನ್‌ನಲ್ಲಿ ಹೇಳುತ್ತಾಳೆ. ಇಬ್ಬರಿಗೂ ತಿಳಿಯುತ್ತದೆ.

ಒಂದು ವಿಚಿತ್ರ ಆಯಿತು. ಇಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ಯಾರೂ ಸದ್ದು ಮಾಡಬಾರದು, ಅದಕ್ಕೆ ರೂಹೆತ್ಸೈಟ್ ಎಂದು ಹೆಸರು. ಪವಿಗೆ ನಿದ್ದೆ ಬರಲೆಂದು ನಾನು ಆ ಹೊತ್ತಿನಲ್ಲೇ ಮೆಲ್ಲಗೆ ನಮ್ಮ ಗೀಗಿ ಪದ ಹಾಡಿದೆ. ಮನೆ ಬೆಚ್ಚಗಿಡುವ ಕಬ್ಬಿಣದ ಕೊಳವೆ ಕೆಳಗಿನ ಮನೆಯಿಂದ ನಮ್ಮ ಗೋಡೆಗೆ ಬರುತ್ತದೆ. ಅದು ಟಕ್ ಟಕ್ ಎಂದಿತು. ಕೆಳಗಿನವರು ಬಯ್ಯುತ್ತಿದ್ದಾರೆಂದು ಗಪ್ಪನೆ ಬಾಯಿ ಮುಚ್ಚಿದೆ. ಮರುದಿನವೂ ಹಾಗೇ ಆಯಿತು. ಆದರೆ ಅಕ್ಕ, ಆ ಸದ್ದು ನಾನು ಹಾಡುವಾಗ ಬರಲಿಲ್ಲ. ನಾನು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಾಗ, ಹಿಮ್ಮೇಳದವರು ಜೀ ಜೀ ಎನ್ನುವ ಜಾಗದಲ್ಲಿ ಬಂತು. ಬಯ್ಯುವವರು ತಾಳ ಹಿಡಿದು ಬಯ್ಯುತ್ತಾರೇನು?

ನಿನ್ನ ಕುತ್ತಿಗೆಯ ಗಂಟು ಹೇಗಿದೆ? ನಾನು ಹೊರಡುವಾಗ ನಿಂಬೆಕಾಯಿಯಷ್ಟಿತ್ತು. ಡಾಕ್ಟರಿಗೆ ತೋರಿಸುತ್ತೇನೆ ಎಂದಿದ್ದೆ, ತೋರಿಸಿದೆಯಾ? ಉಗಾದಿಗೆ ಗಂಡೇ ಹೆಚ್ಚೆಂದು ಹಾಡುವ ಚನ್ನಮಲ್ಲಪ್ಪನ ಹರದೇಶಿ ಮೇಳದ ಎದುರು, ಹೆಣ್ಣೇ ಹೆಚ್ಚೆನ್ನುವ ನಾವು ನಾಗೇಶಿಯವರು ನಿಲ್ಲಬೇಕು. ಅಷ್ಟರಲ್ಲಿ ನಾನು ಬಂದಿರುತ್ತೇನೆ. ನೀನು ಮುಂದೆ, ನಾನು ಹಿಂದೆ.

ನಿನ್ನ ನೀಲ

*

4 ನವೆಂಬರ್ 2001

ನೀಲಾಗೆ ಆಶೀರ್ವಾದ.

ಕಾಗದ ಮುಟ್ಟಿತು. ನಾನೇ ಓದಿದೆ. ನಿನ್ನ ಒತ್ತಕ್ಷರ ನನ್ನದಕ್ಕಿಂತ ಚಂದ ಇವೆ. ಕಾಕಾ ಮಾತ್ರ ಕೇಳುತ್ತಲೇ ಇದ್ದಾನೆ, “ಏನ ಬರದಾಳ ಹೇಳವ್ವಾ, ಕೊಳವಿ ಬಡ್ಯಾಂವ ಗಂಡಸೋ ಹೆಂಗಸೋ ಅದನ್ನರ ಹೇಳ!” ನೀನು ಅದನ್ನೇ ಬರೆದಿಲ್ಲ.

ಗಂಟು ಇದ್ದ ಹಾಗೇ ಇದೆ. ನೋವಿಲ್ಲ. ಏರು ದನಿಗೆ ಹೋದಾಗ ಸ್ವಲ್ಪ ಹಿಡಿಯುತ್ತದೆ, ಚಳಿಗೆ ಇರಬೇಕು. ಸಭೆಯಲ್ಲಿ ಸೆರಗು ಸುತ್ತಿಕೊಂಡು ಹಾಡುತ್ತೇನೆ, ಯಾರಿಗೂ ಕಾಣುವುದಿಲ್ಲ.

ದಪ್ಪಿಗೆ ಹೊಸ ಚರ್ಮ ಹಾಕಿಸಿದೆ. ಗೊಂಡೆ ಮಾತ್ರ ಹಳೆಯದೇ, ಅವ್ವ ಕಟ್ಟಿದ ಕೆಂಪು ರೇಷ್ಮೆಯದು. ಚನ್ನಮಲ್ಲಪ್ಪ ಸಂತೆಯಲ್ಲಿ ಸಿಕ್ಕಿದ್ದ. “ಗಂಗವ್ವಾ, ಉಗಾದಿಗೆ ಗೊಂಡೆ ಸಡಲ ಮಾಡಿ ಇಟಗೊಂಡ ಬಾ, ಬಿಚ್ಚೂದಕ್ಕ ಹೊತ್ತಾಗಬಾರದು” ಎಂದ. “ಅಣ್ಣಾ, ಸವಾಲಿಗೆ ಜವಾಬು ಹಾಡದೆ ಸೋತವರು ಗೊಂಡೆ ಬಿಚ್ಚಿ ಕೊಡತಾರ. ನಮ್ಮವ್ವ ಬಿಚ್ಚಿಲ್ಲ, ನಾ ಬಿಚ್ಚೂದಿಲ್ಲ” ಎಂದೆ. ಜನ ನಕ್ಕರು.

ಹೊಟ್ಟೆ ತುಂಬ ಉಣ್ಣು.

ಗಂಗವ್ವ

*

ಹೈಡಲ್‌ಬರ್ಗ್
25 ನವೆಂಬರ್ 2001

ಅಕ್ಕನಿಗೆ,

ಗಂಡಸು. ಕಾಕಾನಿಗೆ ಹೇಳು, ಎಪ್ಪತ್ತು ದಾಟಿದ ಮುದುಕ. ಹೆಸರು ಅಮೋಸ್. ಅಮೆರಿಕದ ಕಪ್ಪು ಜನ. ಈ ಊರಿನಲ್ಲಿ ಅಮೆರಿಕದ ಸೈನ್ಯವಿದೆ, ಅದರ ಬ್ಯಾಂಡಿನಲ್ಲಿ ಊದಲು ಬಂದವರು ಇಲ್ಲಿಯ ಹೆಂಗಸನ್ನು ಮದುವೆಯಾಗಿ ಉಳಿದುಬಿಟ್ಟರು. ಆಕೆ ಈಗಿಲ್ಲ. ಮೆಟ್ಟಿಲ ಮೇಲೆ ಎದುರಾದಾಗ ನಾನು ತಲೆ ತಗ್ಗಿಸಿ ಗೋಡೆಗೆ ಅಂಟಿಕೊಂಡೆ. ಅವರು ಕೈಗಂಬಿಯ ಮೇಲೆ ಬೆರಳಿನಿಂದ ನಮ್ಮ ಜೀ ಜೀ ತಾಳ ಬಡಿದು ಹೋದರು. ನನಗೆ ನಗು ತಡೆಯಲಾಗಲಿಲ್ಲ.

ವೈನಿ ಅವರೊಡನೆ ಇಂಗ್ಲಿಷಿನಲ್ಲಿ ಮಾತಾಡಿ ಪರಿಚಯ ಮಾಡಿಕೊಂಡರು. ಗುರುವಾರ ಸಂಜೆ ಹಳೆ ಪೇಟೆಯ ಒಂದು ನೆಲಮಾಳಿಗೆಯಲ್ಲಿ ಅವರ ಕಾರ್ಯಕ್ರಮ ಇರುತ್ತದೆ. ನಮ್ಮನ್ನೂ ಕರೆದರು. ಕುರ್ಚಿಗಳು ಕಡಿಮೆ, ಜನ ಮೆಟ್ಟಿಲ ಮೇಲೂ ಕೂತಿದ್ದರು. ಅಮೋಸ್ ತಾತ ಒಂದು ಹಾಳೆ ಹಿಡಿದು ಕವಿತೆ ಓದಿದರು. ಅವರೇ ಬರೆದದ್ದು. ಒಂದು ಸಾಲು ಓದುತ್ತಾರೆ, ಕೊರಳಿಗೆ ನೇತು ಹಾಕಿದ ಹಿತ್ತಾಳೆಯ ಸ್ಯಾಕ್ಸಫೋನ್ ಬಾಯಿಗಿಟ್ಟು ಊದುತ್ತಾರೆ. ಮತ್ತೆ ಸಾಲು, ಮತ್ತೆ ಊದು. ವೈನಿ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದರು:

ಅವ್ವ ಬಾಗಿಲು ಹಾಕಲಿಲ್ಲ,
ಆ ರಾತ್ರಿ ಅವ್ವ ಬಾಗಿಲು ಹಾಕಲೇ ಇಲ್ಲ,
ಗಾಳಿ ಒಳಗೆ ಬಂತು, ನಾನು ಬರಲಿಲ್ಲ.

ಸಾಲನ್ನು ಎರಡು ಸಲ ಏಕೆ ಹೇಳುತ್ತಾರೆಂದು ಕೇಳಲು ವೈನಿಯ ಸೆರಗು ಜಗ್ಗಿದೆ. ಮುಗಿದ ಮೇಲೆ ವೈನಿ ಅವರನ್ನೇ ಕೇಳಿ ಹೇಳಿದರು, “ಮೊದಲನೇದು ಹೇಳಲಿಕ್ಕೆ, ಎರಡನೇದು ಮೂರನೇ ಸಾಲು ಹುಡುಕ್ಲಿಕ್ಕೆ ಅಂತ ನೋಡು. ಇವರ ಅಜ್ಜಿ ಅರಿವಿ ಒಗೀತ ಹಿಂಗ ಹಾಡತಿದ್ದಳಂತ. ಇವರ ದೇಶದ ಕವಿಗಳು ಸಾಲು ಎಲ್ಲಿ ಮುರೀಬೇಕಂತ ಪುಸ್ತಕ ನೋಡ್ಲಿಲ್ಲಂತ. ಊದಾಂವ ಎಲ್ಲಿ ಉಸಿರು ತಗೋತಾನ, ಅಲ್ಲೇ ಮುರಿದ್ರಂತ. ಕವಿತಾ, ಜಾಝ್ ಎರಡೂ ಒಂದ ಮನಿ ಮಕ್ಕಳು ಅಂತಾರ.”

ಉದಯಣ್ಣ ಆಕಳಿಸಿ, “ಒಂದ ಮನಿ ಮಕ್ಕಳು ಇಷ್ಟ ಜಗಳ ಆಡತಾರೇನ? ನನಗ ತಲಿ ನೋಯಾಕ ಹತ್ತೇದ ನೀಲವ್ವಾ” ಎಂದರು. ನನಗೆ ಜಗಳದಂತೆಯೇ ಕೇಳಿತು, ಅದಕ್ಕೇ ಹಿಡಿಸಿತು. ನಮ್ಮ ಸವಾಲು ಜವಾಬು ಕೂಡ ಜಗಳವೇ ಅಲ್ಲವೇ? ಇಲ್ಲಿ ಮಾತು ಸವಾಲು ಹಾಕುತ್ತದೆ, ಹಿತ್ತಾಳೆ ಜವಾಬು ಕೊಡುತ್ತದೆ. ಅಷ್ಟು ಜನ ಹೊರದೇಶದವರ ನಡುವೆ ಕೂತು ನಾನು ನಮ್ಮ ಸಭೆಯಲ್ಲಿ ಇದ್ದಂತೆ ಇದ್ದೆ. ಮನೆಗೆ ಬಂದು ಅತ್ತೆ.

ಡಾಕ್ಟರಿಗೆ ತೋರಿಸಿದೆಯೋ ಇಲ್ಲವೋ ನೀನು ಬರೆಯಲೇ ಇಲ್ಲ.

ನೀಲ

*

ಹೈಡಲ್‌ಬರ್ಗ್
16 ಡಿಸೆಂಬರ್ 2001

ಅಕ್ಕನಿಗೆ,

ಈ ಡಬ್ಬಿಯಲ್ಲಿ ಒಂದು ಕ್ಯಾಸೆಟ್ ಇದೆ. ಕಾಕಾನ ಟೇಪ್‌ರೆಕಾರ್ಡರಿನಲ್ಲಿ ಹಾಕಿ ಕೇಳು. ಅಮೋಸ್ ತಾತನ ಮನೆಯಲ್ಲಿ ಹಾಡಿದ್ದು. ನನ್ನಕ್ಕ ನನಗಿಂತ ದೊಡ್ಡ ಹಾಡುಗಾರ್ತಿ ಎಂದು ವೈನಿಯ ಬಾಯಿಂದ ತಾತನಿಗೆ ಹೇಳಿಸಿದೆ. “ಹಂಗಾರ ಆಕಿಗೆ ಒಂದು ಸವಾಲು ಕಳಸೋಣು” ಎಂದರಂತೆ. ಮೂರು ಸಾಲಿನ ಅವರ ಕಟ್ಟು, ನಮ್ಮ ಮಟ್ಟು. ಮೊದಲ ಸಲ ಮುಂದಿನ ದನಿ ನಾನು ಎತ್ತಿದ್ದೇನೆ, ನಗಬೇಡ. ಹಿಂದೆ ಊದುವುದು ತಾತ.

ಗಂಟಲಿಲ್ಲ, ನಾಲಿಗಿಲ್ಲ, ಹಾಡತೈತಿ ಸಭೆಯೊಳಗ,
ಗಂಟಲಿಲ್ಲ, ನಾಲಿಗಿಲ್ಲ, ಹಾಡತೈತಿ ಸಭೆಯೊಳಗ,
ಯಾರವ್ವ ಅದು ಹೇಳ ಹಿರಿಯಕ್ಕ, ಜವಾಬ ಕೊಡ ನನಗ.

ನಿನಗೆ ಇದು ಎಡಗೈ ಆಟ. ಜವಾಬು ಹಾಡಿ ಅದೇ ಕ್ಯಾಸೆಟ್‌ನ ಹಿಂಬದಿಗೆ ತುಂಬಿ ಕಳಿಸು. ತಾತ ಕಾಯುತ್ತಿದ್ದಾರೆ, ನಾನೂ.

ಇನ್ನೊಂದು ಮಾತು. ಇದನ್ನು ಕೊನೆಗೆ ಬರೆಯುತ್ತಿರುವುದು ಬರೆಯಲು ಹೆದರಿಕೆಯಾಗಿ. ವೈನಿ ಇನ್ನೊಂದು ವರ್ಷ ಇರು ಎಂದರು. ಪವಿ ಬೇರೆ ಯಾರ ಹತ್ತಿರವೂ ಊಟ ಮಾಡುವುದಿಲ್ಲ. ನಾನು ಉಗಾದಿ ಎಂದು ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಉದಯಣ್ಣ, “ನೀಲವ್ವ ಎಲ್ಲಿ ಹೋಗತಾಳ, ಮನಿ ಮಗಳು!” ಎಂದುಬಿಟ್ಟರು. ಬಾಯಿ ಮುಚ್ಚಿದೆ. ವೀಸಾ ಮುಂದುವರಿಸಲು ನನ್ನ ಪಾಸ್‌ಪೋರ್ಟ್ ಇಲ್ಲಿಯ ಕಚೇರಿಗೆ ಹೋಗಿದೆ. ಸಿಟ್ಟಾಗಬೇಡ. ಉಗಾದಿಯಲ್ಲಿ ನಿನ್ನ ಹಿಂದೆ ಕಾಕಾನ ಸೊಸೆಯನ್ನು ನಿಲ್ಲಿಸಿಕೋ. ಹಿಂದಿನವರು ಯಾರಾದರೇನು, ಮುಂದೆ ನೀನಿದ್ದರೆ ಸಾಕು.

ನೀಲ

*

24 ಡಿಸೆಂಬರ್ 2001

ನೀಲಾಗೆ,

ನಾಳೆ ಬೆಳಗಾವಿಗೆ ಹೋಗುತ್ತಿದ್ದೇನೆ, ಸರಸಮ್ಮ ಚಿಗವ್ವನ ಮನೆಗೆ. ಕೆಲವು ದಿನ ಇರುತ್ತೇನೆ. ಕಾಗದ ತಡವಾದರೆ ಗಾಬರಿಯಾಗಬೇಡ.

ನಿನಗೆ ಒಂದು ಮಾತು ಹೇಳುವುದಿತ್ತು. ಏರು ದನಿಯನ್ನು ಗಂಟಲಿನಿಂದ ಎಳೆಯಬೇಡ, ಹೊಟ್ಟೆಯಿಂದ ಎತ್ತು. ನಾನು ಎಳೆದೆ, ಯಾರೂ ತಿದ್ದಲಿಲ್ಲ. ಬೆಳಿಗ್ಗೆ ಎದ್ದಕೂಡಲೇ ತಣ್ಣೀರು ಕುಡಿಯಬೇಡ. ಮೊನ್ನೆ ಒಬ್ಬಳೇ ಕೂತು ನಮ್ಮ ಪದಗಳನ್ನೆಲ್ಲ ಒಂದೊಂದಾಗಿ ಹಾಡಿದೆ. ಕಾಕಾ ಬಾಗಿಲಲ್ಲಿ ನಿಂತು ಕೇಳಿ, “ಯಾರಿಗವ್ವಾ ಇಷ್ಟೊಂದ ಹಾಡಾಕತ್ತಿ?” ಎಂದ. ಸುಮ್ಮನೆ ಎಂದೆ.

ಗಂಗವ್ವ

*

ಹೈಡಲ್‌ಬರ್ಗ್
3 ಫೆಬ್ರವರಿ 2002

ಗಂಗಕ್ಕನಿಗೆ,

ನೀನು ಕಳಿಸಿದ ಡಬ್ಬಿ ಮೊನ್ನೆ ಬಂತು. ಅದರಲ್ಲಿ ಒಂದು ಸಾಲು ಕಾಗದವನ್ನೂ ಇಡಬಾರದೆನಿಸಿತೇ ನಿನಗೆ?

ಕ್ಯಾಸೆಟ್ ಹಾಕಿದೆ. ನೀನು ಹಾಡಿಲ್ಲ. ಬರೀ ದಪ್ಪು. ಸ್ವಲ್ಪ ಬಾರಿಸುತ್ತೀ, ನಿಲ್ಲುತ್ತೀ, ಮತ್ತೆ ಬಾರಿಸುತ್ತೀ. ಟೇಪ್ ಕೆಟ್ಟಿದೆಯೆಂದು ಉದಯಣ್ಣ ಒರೆಸಿ ಒರೆಸಿ ಹಾಕಿದರು. ಕೆಟ್ಟಿಲ್ಲ, ನಡುವೆ ನಮ್ಮ ಓಣಿಯ ಕೋಳಿ ಕೂಗಿದ್ದು ಕೇಳುತ್ತದೆ. ಆಮೇಲೆ ಡಬ್ಬಿಯ ತಳದಲ್ಲಿ ಹತ್ತಿಯೊಳಗೆ ಅವ್ವನ ಗೊಂಡೆ ಸಿಕ್ಕಿತು.

ಗೊಂಡೆ ಬಿಚ್ಚಿ ಕೊಡುವುದೆಂದರೆ ಏನೆಂದು ನನಗೆ ಗೊತ್ತು. ಅಷ್ಟು ಸುಲಭದ ಸವಾಲಿಗೆ ನೀನು ಸೋಲುವವಳಲ್ಲ. ಬೇಕೆಂದೇ ಬಿಚ್ಚಿದ್ದೀ. ನೀನು ಬೇರೆಯವರೊಡನೆ ಹಾಡಿಕೊ, ಇನ್ನು ನಮ್ಮಿಬ್ಬರ ಮೇಳ ಮುಗಿಯಿತು ಎಂದು ಹೇಳಿದ್ದೀ. ನಾನು ಬರುವುದಿಲ್ಲವೆಂದು ಸಿಟ್ಟು. ಅದಕ್ಕೇ ಚಿಗವ್ವನ ಮನೆಯಿಂದಲೂ ಬರೆಯಲಿಲ್ಲ, ಅಲ್ಲವೇ? ಆ ಸಿಟ್ಟು ಬಾಯಿಬಿಟ್ಟು ಬಯ್ದು ತೀರಿಸಬಹುದಿತ್ತು.

ನಿನ್ನೆ ವೈನಿಯನ್ನು ಬೇಡಿಕೊಂಡು ಊರಿನ ಎಸ್‌ಟಿಡಿ ಅಂಗಡಿಗೆ ಫೋನ್ ಮಾಡಿದೆ. ಕಾಕಾ ಬಂದ. ಅಕ್ಕನನ್ನು ಕರೆ ಎಂದೆ. “ಆಕಿ ಹೊಲಕ್ಕ ಹೋಗ್ಯಾಳ” ಎಂದ. ಅಲ್ಲಿ ಆಗ ಕತ್ತಲಾಗಿತ್ತು, ಅಕ್ಕ. ಕತ್ತಲಲ್ಲಿ ಯಾವ ಹೊಲ? “ಕಾಕಾ, ಆಕಿ ನಿನ್ನ ಬಾಜೂಕ ನಿಂತಾಳೇನ?” ಎಂದೆ. ಫೋನ್ ಇಟ್ಟುಬಿಟ್ಟ.

ಗೊಂಡೆಯನ್ನು ಏನು ಮಾಡಲಿ? ಇಲ್ಲಿ ಕಟ್ಟಲು ದಪ್ಪಿಲ್ಲ.

ನೀಲವ್ವ

*

ಹೈಡಲ್‌ಬರ್ಗ್
22 ಫೆಬ್ರವರಿ 2002

ಅಕ್ಕ,

ಹಿಂದಿನ ಕಾಗದ ಇನ್ನೂ ನಿನಗೆ ಮುಟ್ಟಿರದಿದ್ದರೆ ಒಡೆಯಬೇಡ, ಒಲೆಗೆ ಹಾಕು.

ನಿನ್ನೆ ಗುರುವಾರ. ಅಮೋಸ್ ತಾತ ಬಹಳ ದಿನದಿಂದ ಊದಿರಲಿಲ್ಲ. ಅವರಿಗೆ ಮುಂದಿನ ಹಲ್ಲುಗಳನ್ನೆಲ್ಲ ತೆಗೆದು ಬೇರೆ ಕೂರಿಸಿದ್ದಾರೆ. ಸ್ಯಾಕ್ಸಫೋನನ್ನು ಹಲ್ಲಿನಲ್ಲಿ ಗಟ್ಟಿ ಹಿಡಿಯಬೇಕಂತೆ, ಕಟ್ಟಿದ ಹಲ್ಲು ನಿಲ್ಲುವುದಿಲ್ಲ, ಗಾಳಿ ಪಕ್ಕಕ್ಕೆ ಸೋರುತ್ತದೆ. “ಇನ್ನ ಕಾರ್ಯಕ್ರಮಕ್ಕ ಯಾಕ ಹೋಗತಾರ?” ಎಂದು ಉದಯಣ್ಣ ಕೇಳಿದ್ದರು. ನಾವು ಹೋದೆವು. ಸ್ಯಾಕ್ಸಫೋನ್ ಕೊರಳಿನಲ್ಲೇ ಇತ್ತು. ಅದೇ ಬಾಗಿಲಿನ ಕವಿತೆ ಓದಿದರು. ಅವ್ವ ಬಾಗಿಲು ಹಾಕಲಿಲ್ಲ ಎಂದರು. ನಿಂತರು. ಊದಬೇಕಾದ ಅಷ್ಟೂ ಹೊತ್ತು ಕಾಲಿನಿಂದ ತಾಳ ಹಾಕುತ್ತ ಸುಮ್ಮನೆ ನಿಂತರು. ಯಾರೂ ಕೆಮ್ಮಲಿಲ್ಲ. ಮತ್ತೆ ಮುಂದಿನ ಸಾಲು. ಮತ್ತೆ ಅಷ್ಟೇ ಉದ್ದದ ಖಾಲಿ. ಅವರ ಬೆರಳು ಗುಂಡಿಗಳ ಮೇಲೆ ಓಡುತ್ತಿದ್ದವು, ಸದ್ದಿಲ್ಲ.

ಅಲ್ಲಿಯೇ ನಿನ್ನ ಕ್ಯಾಸೆಟ್ ನೆನಪಾಯಿತು. ಮನೆಗೆ ಬಂದು ಕೋಟು ಸಹ ತೆಗೆಯದೆ ಹಾಕಿದೆ. ನೀನು ಎಲ್ಲೆಂದರಲ್ಲಿ ನಿಂತಿಲ್ಲ. ಒಂದು ಸಾಲು ಹಾಡುವಷ್ಟು ಖಾಲಿ, ಆಮೇಲೆ ದಪ್ಪು. ಮತ್ತೆ ಅಷ್ಟೇ ಖಾಲಿ, ದಪ್ಪು. ಮೂರನೆಯದು ಸ್ವಲ್ಪ ಉದ್ದ. ನೀನು ಪೂರ್ತಿ ಜವಾಬು ಬಾರಿಸಿದ್ದೀ. ಹಾಡಿನ ಜಾಗದಲ್ಲಿ ಹಾಡಿಲ್ಲ, ಅಷ್ಟೇ. ಸಿಟ್ಟಿದ್ದವರು ಖಾಲಿ ಜಾಗವನ್ನು ಅಷ್ಟು ಅಳತೆಯಿಂದ ಬಿಡುವುದಿಲ್ಲ.

ಗಂಟಲಿಲ್ಲ, ನಾಲಿಗಿಲ್ಲ ಎಂದು ನಾನು ಯಾರಿಗೆ ಹಾಡಿ ಕಳಿಸಿದೆ ಅಕ್ಕ? ಗಂಟು ತೆಗೆಸಿದೆಯಾ? ಬೆಳಗಾವಿಗೆ ಹೋದದ್ದು ಅದಕ್ಕೇನೇ? ಇದನ್ನು ಬರೆಯುತ್ತಿದ್ದೇನೆ, ಇದು ನಿನಗೆ ಮುಟ್ಟಲು ಹತ್ತು ಹನ್ನೆರಡು ದಿನ, ನಿನ್ನ ಉತ್ತರ ಬರಲು ಮತ್ತೆ ಅಷ್ಟು. ಅಲ್ಲಿಯವರೆಗೆ ಪವಿಗೆ ಅನ್ನ ಕಲಸುವುದು ಬಿಟ್ಟು ನನ್ನ ಕೈಯಿಂದ ಏನೂ ಆಗುವುದಿಲ್ಲ.

ನಿನ್ನ ನೀಲ

*

23 ಫೆಬ್ರವರಿ 2002

ನೀಲಾಗೆ ಆಶೀರ್ವಾದ.

ನಿನ್ನ ಸಿಟ್ಟಿನ ಕಾಗದ ಬಂತು. ಕಾಕಾನನ್ನು ಬಯ್ಯಬೇಡ. ಹೌದು, ಪಕ್ಕದಲ್ಲೇ ನಿಂತಿದ್ದೆ. ನಿನ್ನ ದನಿ ಹೊರಗೂ ಕೇಳುತ್ತಿತ್ತು. ಫೋನ್ ಇಟ್ಟು ಕಾಕಾ ಹಾದಿ ತುಂಬ ಅತ್ತುಕೊಂಡು ಬಂದ.

ಗಂಟು ಒಳಗೆ ದನಿಯ ನರಕ್ಕೆ ಸುತ್ತಿಕೊಂಡಿತ್ತು. ತೆಗೆಯದಿದ್ದರೆ ಜೀವಕ್ಕೆ ಕಷ್ಟ, ತೆಗೆದರೆ ದನಿ ಉಳಿಯುತ್ತದೆಂದು ಮಾತು ಕೊಡಲಾರೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಿನಗೆ ಬರೆದಿದ್ದರೆ ನೀನು ಅಲ್ಲಿ ಕೂತು ಅಳುತ್ತಿದ್ದೆ, ಬೇರೇನು ಮಾಡುತ್ತಿದ್ದೆ? ಈಗ ಹತ್ತಿರ ಬಂದರೆ ಮಾತು ತಿಳಿಯುತ್ತದೆ, ಗಾಳಿಯ ಹಾಗೆ. ಹಾಡಿಲ್ಲ. ಕಾಲಾಂತರದಲ್ಲಿ ಬಂದರೂ ಬರಬಹುದು ಎನ್ನುತ್ತಾರೆ. ಹಾಗೆನ್ನುವಾಗ ಅವರು ನನ್ನ ಮುಖ ನೋಡುವುದಿಲ್ಲ.

ನಿನ್ನ ಕ್ಯಾಸೆಟ್ ನಾನು ಬೆಳಗಾವಿಯಿಂದ ಬಂದಾಗ ಮನೆಯಲ್ಲಿತ್ತು. ಕಾಕಾ ಸಂತೋಷದಿಂದ ಹಾಕಿದ. ಮೊದಲ ಸಾಲು ಕೇಳಿದಾಗ ನಿನಗೆ ಯಾರೋ ಹೇಳಿದ್ದಾರೆ ಎಂದುಕೊಂಡೆ. ಎರಡನೆಯ ಸಲ ಕೇಳಿದಾಗ, ಇಲ್ಲ, ಇವಳಿಗೇನೂ ಗೊತ್ತಿಲ್ಲ, ಎಷ್ಟು ಖುಷಿಯಲ್ಲಿ ಹಾಡುತ್ತಿದ್ದಾಳೆ ಎಂದು ತಿಳಿಯಿತು. ನಿನ್ನ ಮುಂದಿನ ದನಿ ಚೆನ್ನಾಗಿದೆ. ಅವ್ವನ ಹಾಗಿದೆ. ನಾನು ಹಿಂದೆ ನಿಲ್ಲಿಸಿಯೇ ಇಟ್ಟಿದ್ದೆ ನಿನ್ನನ್ನು.

ಸವಾಲು ಬಂದ ಮೇಲೆ ಸುಮ್ಮನಿರಬಾರದು. ನನಗೆ ಬಂದಷ್ಟು ಬಾರಿಸಿದೆ. ಆದರೆ ಜವಾಬು ಬಾಯಿಂದ ಹಾಡಬೇಕೆಂಬುದು ನಮ್ಮ ಕಟ್ಟಳೆ, ದಪ್ಪಿನದು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಬಿಚ್ಚಿದೆ. ಉಗಾದಿಯಲ್ಲಿ ಚನ್ನಮಲ್ಲಪ್ಪನ ಕೈಗೆ ಹೋಗುವುದಕ್ಕಿಂತ ತಂಗಿಯ ಕೈಗೆ ಸೋತರೆ ಅವ್ವನದು ಮನೆಯಲ್ಲೇ ಉಳಿಯುತ್ತದೆ. ಅಂದು ಕಾಗದ ಬರೆಯಲು ಕೂತಿದ್ದೆ, ಆಗಲಿಲ್ಲ.

ನೀನು ಬಂದು ಮುಂದೆ ನಿಲ್ಲುವುದಾದರೆ ಹೇಳು. ದಪ್ಪು ನಾನು ಹಿಡಿಯುತ್ತೇನೆ. ಬರಲಾಗದಿದ್ದರೆ ಚನ್ನಮಲ್ಲಪ್ಪನಿಗೆ ಇಲ್ಲವೆಂದು ಹೇಳಿಕಳಿಸುತ್ತೇನೆ. ಬಲವಂತವಿಲ್ಲ.

ಗಂಗವ್ವ

*

ಹೈಡಲ್‌ಬರ್ಗ್
10 ಮಾರ್ಚ್ 2002

ಅಕ್ಕ,

ನಿನ್ನ ಕಾಗದ ಬಂದ ದಿನ ವೈನಿಗೆ ಓದಿ ಹೇಳಿದೆ. ಬಾಯಿ ಬಿಟ್ಟು, ನಾನು ಹೋಗಬೇಕು ಎಂದೂ ಹೇಳಿದೆ. ಅಷ್ಟು ಜೋರಾಗಿ ನಾನು ಈ ಮನೆಯಲ್ಲಿ ಮಾತಾಡಿರಲಿಲ್ಲ. ವೈನಿ ನನ್ನನ್ನು ತಬ್ಬಿಕೊಂಡು ಅತ್ತರು. ಮರುದಿನ ಉದಯಣ್ಣ ಕೆಲಸಕ್ಕೆ ರಜೆ ಹಾಕಿ ನನ್ನನ್ನು ಕಚೇರಿಗೆ ಕರೆದುಕೊಂಡು ಹೋದರು. ಪಾಸ್‌ಪೋರ್ಟ್ ಅಲ್ಲಿಯೂ ಇಲ್ಲ, ಬೇರೆ ಊರಿಗೆ ಕಳಿಸಿದ್ದಾರೆ. ಗಾಜಿನ ಆಚೆಯ ಹೆಂಗಸು ಕೆಟ್ಟವಳಲ್ಲ, ನನ್ನ ಮುಖ ನೋಡಿ ತನ್ನ ಚೀಲದಿಂದ ಚಾಕಲೇಟು ಕೊಟ್ಟಳು. ಏಪ್ರಿಲ್ ಕೊನೆಗೆ ಬರಬಹುದು ಎಂದಳು. ಉಗಾದಿ ಏಪ್ರಿಲ್ ನಡುವೆ. ಉದಯಣ್ಣ ಹೊರಗೆ ಬಂದು, “ಏನ ಮಾಡೂದು ನೀಲವ್ವಾ, ಇಲ್ಲಿ ಕಾಗದ ನಡದಷ್ಟೇ ಮನಷಾ ನಡೀಬೇಕು” ಎಂದರು. ತಮ್ಮ ಬಗ್ಗೆಯೂ ಹೇಳಿಕೊಂಡಂತಿತ್ತು. ಅವರ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ.

ಚನ್ನಮಲ್ಲಪ್ಪನಿಗೆ ಇಲ್ಲವೆಂದು ಹೇಳಿಬಿಡು.

ಅಮೋಸ್ ತಾತನಿಗೆ ನಿನ್ನ ದಪ್ಪನ್ನು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಇದಕ್ಕೆ ಅವರ ದೇಶದಲ್ಲಿ ಸೋಲು ಎನ್ನುತ್ತಾರೋ ಗೆಲುವು ಎನ್ನುತ್ತಾರೋ ಎಂದು ಕೇಳಿಸಿದೆ. ನಮ್ಮಲ್ಲಿ ಹಾಗೆ ಯಾರೂ ಲೆಕ್ಕ ಇಡುವುದಿಲ್ಲ ಎಂದರಂತೆ. ಆಮೇಲೆ ಗೋಡೆಯ ಕೊಳವೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಅವರಿಂದ ಏನಾದರೂ ದೊಡ್ಡ ಮಾತು ಬರುತ್ತದೆ, ನಿನಗೆ ಬರೆದು ಕಳಿಸೋಣ ಎಂದು ಕಾದಿದ್ದೆ. ಬರಲಿಲ್ಲ.

ಸವಾಲಿಗೆ ನೀನು ಕೊಟ್ಟ ಜವಾಬು ಸರಿಯಾದದ್ದು. ನಾನು ಸ್ಯಾಕ್ಸಫೋನ್ ನೆನೆದು ಕಟ್ಟಿದ್ದೆ. ಗಂಟಲಿಲ್ಲದೆ, ನಾಲಿಗೆಯಿಲ್ಲದೆ ಸಭೆಯಲ್ಲಿ ಹಾಡುವ ದಪ್ಪು ನಮ್ಮ ಮನೆಯಲ್ಲೇ ಇತ್ತು, ನನಗೆ ಹೊಳೆದಿರಲಿಲ್ಲ. ಸರಿಯಾದ ಜವಾಬು ಕೊಟ್ಟವರು ಗೊಂಡೆ ಬಿಚ್ಚುವುದುಂಟೇ? ಆದರೂ ಹಿಂದಕ್ಕೆ ಕಳಿಸಲು ಹೆದರಿಕೆ, ಅಂಚೆಯಲ್ಲಿ ಕಳೆದರೆ ಎಂದು. ಇಲ್ಲಿ ಕಿಟಕಿಯ ಹಿಡಿಕೆಗೆ ಕಟ್ಟಿದ್ದೇನೆ. ಹೊರಗೆ ಎಲ್ಲ ಬೂದು ಬಣ್ಣ, ಅದೊಂದೇ ಕೆಂಪು.

ಮುಂದೆ ನಿಲ್ಲು ಎಂದು ಬರೆದಿದ್ದೀ. ನಾಲ್ಕು ದಿನ ಪ್ರಯತ್ನ ಮಾಡಿದೆ. ಕ್ಯಾಸೆಟ್ ಹಾಕಿ, ನೀನು ಬಿಟ್ಟ ಖಾಲಿಯಲ್ಲಿ ನನ್ನ ಸಾಲು ಹಾಡಲು ಹೋದೆ. ಅಳತೆ ಸರಿಯಾಗಿ ಕೂರುತ್ತದೆ. ಆದರೆ ಹಾಡಿದ ಕೂಡಲೇ ನೀನು ಅಲ್ಲಿ ಇಲ್ಲ ಎಂದಾಗಿಬಿಡುತ್ತದೆ. ನನ್ನಿಂದಾಗಲಿಲ್ಲ.

ಈ ದಿನ ಬೆಳಿಗ್ಗೆ ವೈನಿ, ಉದಯಣ್ಣ ಇನ್ನೂ ಮಲಗಿದ್ದರು. ಪವಿ ಎದ್ದು ಬಂದು ನನ್ನ ತೊಡೆಯ ಮೇಲೆ ಕೂತಳು. ಕ್ಯಾಸೆಟ್ ಹಾಕಿದೆ. ನಿನ್ನ ಸಾಲಿನ ಖಾಲಿ ಬಂತು. ಬಾಯಿ ತೆರೆಯಲಿಲ್ಲ, ಮುಗಿಯುವ ತನಕ ಪೂರ್ತಿ ಕೇಳಿದೆ. ಮುಗಿದ ಮೇಲೆ, ದಪ್ಪು ಶುರುವಾಗುವ ಮೊದಲು, ಯಾವಾಗಲೂ ನಿನ್ನ ಹಿಂದೆ ನಿಂತು ಅನ್ನುವ ಹಾಗೆ ಮೆಲ್ಲಗೆ ಜೀ ಎಂದೆ. ಎರಡನೆಯದಕ್ಕೂ ಎಂದೆ. ಉದ್ದದ ಮೂರನೆಯದಕ್ಕೂ ಎಂದೆ. ಪವಿ ನನ್ನ ಗದ್ದ ಹಿಡಿದು ತಿರುಗಿಸಿ ‘ನೋಖ್ ಮಾಲ್’ ಎಂದಳು. ಇನ್ನೊಂದು ಸಲ ಎಂದು ಅರ್ಥ. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿದೆ.

ನಿನ್ನ ಹಿಂದೆ ನಿಲ್ಲುವ
ನೀಲ